ನಲವತ್ತೈದು ಕಿಲೋ ಟೊಮೇಟೊ ಎಲ್ಲಿ ಹೋಯಿತು?

ನಾನೊಂದು ತಕ್ಕಡಿ. ಗಾಜಿನ ಪೆಟ್ಟಿಗೆಯೊಳಗೆ ಕೂತು ಚಿನ್ನ ತೂಗುವ ನಾಜೂಕಿನ ಜಾತಿಯಲ್ಲ, ಮೂಟೆ ತೂಗುವ ಜಾತಿ. ಕೋಲಾರದ ಒಂದು ಕುಲುಮೆಯಲ್ಲಿ ಹುಟ್ಟಿದೆ. ನನ್ನನ್ನು ಕೆಂಪಗೆ ಕಾಯಿಸಿ, ಬಡಿದು ನೆಟ್ಟಗೆ ಮಾಡಿದವನು ಖಾದರ್ ಸಾಬ. ಎರಡೂ ತಟ್ಟೆ ಕಟ್ಟಿ ತೂಗುಹಾಕಿದಾಗ ನನ್ನ ಮುಳ್ಳು ಅತ್ತಿತ್ತ ಓಲಾಡಿ ಸರಿಯಾಗಿ ನಡುವೆ ನಿಂತಿತು. ಅವನು ಬೀಡಿ ಹಚ್ಚಿಕೊಂಡು, "ಯಾರ ಕಡೆಗೂ ವಾಲಬೇಡಪ್ಪ" ಅಂದ. ಹುಟ್ಟಿದ ದಿನವೇ ಬುದ್ಧಿಮಾತು!

ಮೊದಲು ನನ್ನನ್ನು ಕೊಂಡವರು ಹುಣಸೆಹಣ್ಣಿನ ಮಂಡಿಯ ಗೋವಿಂದಶೆಟ್ಟರು. ತಮಾಷೆಯ ಮನುಷ್ಯ. ಬಂದವರನ್ನೆಲ್ಲ, "ಒಂದು ಮಣ ಹತ್ತಿ ಭಾರವೋ, ಒಂದು ಮಣ ಕಬ್ಬಿಣ ಭಾರವೋ?" ಎಂದು ಕೇಳುವರು. ಹತ್ತರಲ್ಲಿ ಎಂಟು ಜನ "ಕಬ್ಬಿಣ" ಅನ್ನುತ್ತಿದ್ದರು. ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನುಷ್ಯರ ಲೆಕ್ಕ ಅಂದರೆ ನನಗೆ ಆಗಿನಿಂದಲೂ ಒಂದು ಅಸಡ್ಡೆ. ಅದೇ ಲೆಕ್ಕ ಒಬ್ಬರ ಮಾನ ತೆಗೆಯಬಹುದು ಎಂದು ಮಾತ್ರ ಗೊತ್ತಿರಲಿಲ್ಲ.

ಶೆಟ್ಟರು ಕಾಲವಾದರು. ಅವರ ಮಗ ಕರೆಂಟಿನ ತೂಕದ ಯಂತ್ರ ತಂದು ನನ್ನನ್ನು ಮುಳಬಾಗಿಲು ಕಡೆಯ ಒಂದು ಹಳ್ಳಿಯ ಮಹಿಳಾ ಸಂಘಕ್ಕೆ ಮಾರಿದ. ಅಲ್ಲಿ ಹೆಂಗಸರು ಟೊಮೇಟೊ ಹೆಚ್ಚಿ ಒಣಗಿಸಿ ಮಾರುವ ಕೆಲಸ ಶುರು ಮಾಡಿದ್ದರು. ಸಂಘದ ಹಿರಿಯರು ವನಜಾಕ್ಷಮ್ಮ, ಅಂಗನವಾಡಿ ಟೀಚರಾಗಿ ನಿವೃತ್ತರಾದವರು. ಒಣಗಿಸುವ ಶೆಡ್ಡಿನ ಬೀಗದ ಕೈ, ಕಾವಲು ಎರಡೂ ಚೌಡಮ್ಮನದು. ಗಂಡನಿಲ್ಲದ ಹೆಂಗಸು, ನಂಬಿಕಸ್ಥೆ ಅನ್ನುವ ಹೆಸರೊಂದೇ ಅವಳ ಆಸ್ತಿ.

ಮೊದಲ ದಿನ ಬೆಳಗ್ಗೆ ನೂರು ಕಿಲೋ ಹೋಳು ತೂಗಿಕೊಟ್ಟೆ. ತೇವ ನೋಡುವ ಪುಟ್ಟ ಯಂತ್ರ, ನೂರು ಪಾಲಿನಲ್ಲಿ ತೊಂಬತ್ತೈದು ಪಾಲು ನೀರು ಎಂದಿತು. ಶೆಡ್ಡಿನ ಮುಂದೆ ಹರಡಿದರು, ದಿನವಿಡೀ ಸುಡುಬಿಸಿಲು. ಸಂಜೆ ಅದೇ ಯಂತ್ರ, ತೊಂಬತ್ತು ಪಾಲು ಎಂದಿತು. ಹೋಳುಗಳನ್ನು ನನ್ನ ತಟ್ಟೆಗೆ ಸುರಿದರು. ಐವತ್ತೇ ಕಿಲೋ!

"ಐದು ಪಾಲು ನೀರು ತಾನೆ ಹೋಗಿರೋದು?" ಅಂದರು ವನಜಾಕ್ಷಮ್ಮ. "ಹಂಗಾದ್ರೆ ತೊಂಬತ್ತೈದು ಕಿಲೋ ಇರಬೇಕಿತ್ತು. ಮಿಕ್ಕ ನಲವತ್ತೈದು ಎಲ್ಲೋಯ್ತು ಚೌಡಮ್ಮ?"

ಎಲ್ಲರೂ ತಲೆಯಾಡಿಸಿದರು. ಲೆಕ್ಕ ಅಷ್ಟು ಸಲೀಸಾಗಿ ಕಾಣುತ್ತಿತ್ತು.

"ಒಂದು ಹೋಳೂ ಮುಟ್ಟಿಲ್ಲ ಕಣಕ್ಕ. ದೇವರಾಣೆಗೂ," ಅಂದಳು ಚೌಡಮ್ಮ.

"ಈ ಹಳೇ ತಕ್ಕಡೀನೇ ಸುಳ್ಳು ಹೇಳ್ತೈತೇನೋ," ಎಂದು ಪಾಪಮ್ಮ ಅನ್ನುವವಳು ನಡುವೆ ಬಾಯಿ ಹಾಕಿದಳು.

ನನಗೆ ಮೈಯೆಲ್ಲ ಉರಿಯಿತು. ಅವರು ತೂಕದ ಕಲ್ಲುಗಳನ್ನು ಈ ತಟ್ಟೆಗೆ, ಹೋಳನ್ನು ಆ ತಟ್ಟೆಗೆ ಬದಲಿಸಿ ಪರೀಕ್ಷೆ ಮಾಡಿದರು. ತಕ್ಕಡಿಯಲ್ಲಿ ಮೋಸವಿದ್ದರೆ ಹಾಗೆ ಬದಲಿಸಿದಾಗ ಬಯಲಾಗುತ್ತದೆ. ನನ್ನ ಮುಳ್ಳು ಕದಲದೆ ನಡುವೆ ನಿಂತಿತು. ಎದೆಯುಬ್ಬಿಸಿಕೊಂಡೆ. ಆಮೇಲೆ ಚೌಡಮ್ಮನ ಮುಖ ನೋಡಿದೆ. ತಕ್ಕಡಿ ಸುಳ್ಳಲ್ಲ ಅಂದಮೇಲೆ ಕಳ್ಳಿ ಅವಳೇ ಎಂದಾಯಿತಲ್ಲ! ನಾನು ನಿಜ ಹೇಳಿದ್ದೇ ಅವಳ ಕುತ್ತಿಗೆಗೆ ಬಂತು. ನನಗಿರುವುದು ಮುಳ್ಳು, ನಾಲಿಗೆಯಲ್ಲ. ಎಷ್ಟು ಸಂಕಟಪಟ್ಟೆನೋ ನನಗೇ ಗೊತ್ತು.

ಮಾರನೆಯ ದಿನ ಬೀದಿ ನಲ್ಲಿಯ ಹತ್ತಿರ, ಚೌಡಮ್ಮ ಕಳ್ಳಿ ಅಂತ ಅದೇ ಮಾತಂತೆ. ಚೌಡಮ್ಮ ತುಂಬದ ಬಿಂದಿಗೆ ಹೊತ್ತುಕೊಂಡು ನೇರವಾಗಿ ಶೆಡ್ಡಿಗೆ ಬಂದಳು. ಕಣ್ಣು ಕೆಂಪಗಿತ್ತು. ಬೀಗದ ಕೈ ತೆಗೆದು ವನಜಾಕ್ಷಮ್ಮನ ಮುಂದಿಟ್ಟಳು.

"ಇವತ್ತಿನ ಮಾಲು ನೀವೇ ಕಾಯಿರಿ ಅಕ್ಕ. ನಾನು ರಸ್ತೆ ಆಚೆ ಎಲ್ಲರ ಕಣ್ಣಿಗೆ ಕಾಣೋ ಹಂಗೆ ಕೂತಿರ್ತೀನಿ."

ವನಜಾಕ್ಷಮ್ಮ ಸೆರಗು ಕಟ್ಟಿ ಕಾವಲು ಕೂತರು. ಊಟಕ್ಕೂ ಏಳಲಿಲ್ಲ. ಕಾಗೆ ಹಾರಿದರೂ ಕೋಲು ಬೀಸಿದರು. ಹೊಸದಾಗಿ ಹೆಚ್ಚಿದ ನೂರು ಕಿಲೋ ಹೋಳು ಅದೇ ಬಿಸಿಲಿನಲ್ಲಿ ಒಣಗಿತು. ಸಂಜೆ ಯಂತ್ರ ಮತ್ತೆ ತೊಂಬತ್ತು ಎಂದಿತು. ತೂಗಿದರೆ ಮತ್ತೆ ಐವತ್ತೇ!

ಪಾಪಮ್ಮ, "ಅಕ್ಕ, ಈಗ ನಲವತ್ತೈದು ಕಿಲೋ ನೀವು ತಿಂದ್ರಾ?" ಅಂದಳು.

ವನಜಾಕ್ಷಮ್ಮ ಬೆವರು ಒರೆಸಿಕೊಂಡು, ಬೆರಳು ಮಡಚಿ ಮತ್ತೆ ಮತ್ತೆ ಲೆಕ್ಕ ಹಾಕಿದರು. ಆಮೇಲೆ ಗೂಡಿನಲ್ಲಿದ್ದ ಚೌಕಾಬಾರದ ಡಬ್ಬಿ ತೆಗೆದು, ಹತ್ತೊಂಬತ್ತು ಹುಣಸೆ ಬೀಜ, ಒಂದು ಕವಡೆ ನೆಲಕ್ಕಿಟ್ಟರು.

"ಬೀಜ ಅಂದ್ರೆ ನೀರು. ಕವಡೆ ಅಂದ್ರೆ ತಿರುಳು. ಬಿಸಿಲಿಗೆ ನೀರು ಹೋಗುತ್ತೆ, ತಿರುಳು ಎಲ್ಲೂ ಹೋಗಲ್ಲ. ಬೆಳಗ್ಗೆ ತಿರುಳು ನೂರಕ್ಕೆ ಐದು, ಅಂದ್ರೆ ಇಪ್ಪತ್ತಕ್ಕೆ ಒಂದು. ಈಗ ನೂರಕ್ಕೆ ಹತ್ತು, ಅಂದ್ರೆ ಹತ್ತಕ್ಕೆ ಒಂದು. ಈ ಕವಡೆ ಹತ್ತಕ್ಕೆ ಒಂದು ಆಗಬೇಕಾದ್ರೆ ಎಷ್ಟು ಬೀಜ ತೆಗೀಬೇಕು, ತೆಗಿ."

ಪಾಪಮ್ಮ ಒಂದು ತೆಗೆದಳು. ಕವಡೆ ಸೇರಿಸಿ ಎಣಿಸಿದರೆ ಇನ್ನೂ ಹತ್ತೊಂಬತ್ತು. ಇನ್ನೊಂದು ತೆಗೆದಳು. ಮತ್ತೊಂದು. ಕವಡೆ ಸೇರಿ ಹತ್ತು ಉಳಿಯುವ ಹೊತ್ತಿಗೆ ಅವಳ ಕೈಯಲ್ಲಿ ಹತ್ತು ಬೀಜ ಇದ್ದವು.

"ಅಯ್ಯೋ, ಅರ್ಧಕ್ಕರ್ಧ!" ಅಂದಳು.

"ಅಷ್ಟೇ. ನೂರು ಕಿಲೋನಲ್ಲಿ ಐವತ್ತು ಕಿಲೋನೂ ನೀರೇ ಹೋಗಿರೋದು. ಕದ್ದೋನು ಸೂರ್ಯ."

ನನಗೆ ಎಷ್ಟು ನಿರಾಳವಾಯಿತೆಂದರೆ, ಗಾಳಿಯಿಲ್ಲದಿದ್ದರೂ ನನ್ನ ತಟ್ಟೆಗಳು ಒಮ್ಮೆ ಓಲಾಡಿದವು. ನಾನು ಹೇಳಿದ್ದೂ ನಿಜ, ಅವಳು ಹೇಳಿದ್ದೂ ನಿಜ.

ವನಜಾಕ್ಷಮ್ಮ ರಸ್ತೆ ದಾಟಿ ಹೋಗಿ ಚೌಡಮ್ಮನನ್ನು ಕೈಹಿಡಿದು ಕರೆತಂದರು. "ತಪ್ಪಾಯ್ತು ಕಣೆ. ತಗೋ ಬೀಗದ ಕೈ."

ಚೌಡಮ್ಮ ಕೈ ಚಾಚಲಿಲ್ಲ. "ನನ್ನ ಕಳ್ಳಿ ಅಂದಿದ್ದು ನಲ್ಲಿ ಹತ್ರ. ಇಲ್ಲಿ ಹೇಳಿದ್ರೆ ಅಲ್ಲಿಗೆ ಕೇಳಿಸಲ್ಲಕ್ಕ."

ಮರುದಿನ ವನಜಾಕ್ಷಮ್ಮ ಚೌಕಾಬಾರದ ಡಬ್ಬಿ ಹಿಡಿದು ನಲ್ಲಿಗೆ ಹೋದರು. ಅಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ, ಪಾಪಮ್ಮ ಬಂದು ಹೇಳಿದಳು. ನಲ್ಲಿಕಟ್ಟೆಯ ಮೇಲೆ ಬೀಜ ಹರಡಿ ಒಬ್ಬೊಬ್ಬರ ಕೈಯಿಂದಲೂ ಎಣಿಸಿದರಂತೆ. ಬಿಂದಿಗೆಗಳು ತುಂಬಿ ಹರಿದರೂ ಯಾರಿಗೂ ಪರಿವೆ ಇರಲಿಲ್ಲವಂತೆ. ಚೌಡಮ್ಮ ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಿಕೊಂಡು ಬಂದಳು, ನನ್ನ ತಟ್ಟೆಗಳನ್ನು ಬೂದಿ ಹಾಕಿ ಉಜ್ಜಿದಳು.

ಈಗ ನನಗೆ ವಯಸ್ಸಾಯಿತು. ಈ ಶೆಡ್ಡಿಗೂ ಕರೆಂಟಿನ ಯಂತ್ರ ಬಂದು ನಾನು ಮೂಲೆ ಸೇರಿದ್ದೇನೆ. ಬೇಸರವಿಲ್ಲ. ತೂಕ ಎಷ್ಟೆಂದು ಯಾವ ಯಂತ್ರವಾದರೂ ಹೇಳೀತು. ಯಾಕೆಂದು ಕೇಳುವ ತಾಳ್ಮೆ ಮನುಷ್ಯರಿಗೇ ಬರಬೇಕು. ಸಂಘಕ್ಕೆ ಹೊಸಬರು ಸೇರಿದಾಗಲೆಲ್ಲ ಚೌಡಮ್ಮ ಈ ಲೆಕ್ಕ ಕೇಳುತ್ತಾಳೆ. ಅವರು ಥಟ್ಟನೆ "ತೊಂಬತ್ತೈದು" ಅನ್ನುತ್ತಾರೆ. ಉಳಿದವರು ಕಿಸಕ್ಕನೆ ನಗುತ್ತಾರೆ. ಚೌಡಮ್ಮ ಮಾತ್ರ ನಗುವುದಿಲ್ಲ.

"ನಾವೂ ಹಂಗೇ ಅಂದಿದ್ವಿ ಕಣಮ್ಮ," ಎಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. "ಬಾ, ಯಾರ ಮೇಲಾದ್ರೂ ತಪ್ಪು ಹೊರಿಸೋಕೆ ಮುಂಚೆ ಎಣಿಸೋಣ."