ಏಳು ವರ್ಷ ತೊಂದರೆ ಕೊಡದ ಪಿಸ್ತೂಲು

“ಮಣಿಕಟ್ಟು ಸಡಿಲ ಬಿಟ್ಟೆ ನೀನು. ಅದಕ್ಕೇ ಸಿಕ್ಕಾಕೊಂಡಿದ್ದು,” ಎಂದ ರಾಯ್ಸ್ ಕೂಂಬ್ಸ್.

ವರ್ನಾ ಟ್ಯಾಕೆಟ್ ಹಲ್ಲು ಕಚ್ಚಿಕೊಂಡಳು. ಕೈಯಲ್ಲಿದ್ದ ಅವನ ಪುಟ್ಟ ಪಿಸ್ತೂಲಿನಲ್ಲಿ ಖಾಲಿ ತೋಟಾ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡು ನಿಂತಿತ್ತು. ಮುಚ್ಚಿಹೋದ ಕಲ್ಲಿದ್ದಲು ಗಣಿಯ ಹಿಂದಿನ ಈ ಬಯಲಿನಲ್ಲೇ ಅವಳಂಥ ಕೌಂಟಿ ಪೊಲೀಸ್ ಡೆಪ್ಯುಟಿಗಳೆಲ್ಲ ಗುರಿ ಕಲಿಯುವುದು, ಕಲಿಸುವವನು ರಾಯ್ಸ್. ಮಣಿಕಟ್ಟಿನ ಮಾತು ಅವಳಿಗೆ ಹೊಸದಲ್ಲ. ವಸಂತದಲ್ಲಿ ಕಣಿವೆಯ ತುದಿಯ ಮನೆಯೊಂದರಲ್ಲಿ ಕುಡುಕನೊಬ್ಬ ಕೊಡಲಿ ಎತ್ತಿಕೊಂಡು ಬಂದಾಗ ಅವಳ ಇಲಾಖೆಯ ಪಿಸ್ತೂಲು ಹೀಗೇ ಕೈಕೊಟ್ಟಿತ್ತು. ಕುಡುಕ ಕೆಸರಲ್ಲಿ ಜಾರಿ ಬಿದ್ದ, ಇವಳು ಬದುಕಿದಳು. ಸಹಾಯಕ್ಕೆ ಇನ್ನೊಬ್ಬ ಡೆಪ್ಯುಟಿ ಬೆಟ್ಟ ಸುತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಚೇರಿಯವರು ಪಿಸ್ತೂಲನ್ನು ತಿರುಗಿಸಿ ಮುರುಗಿಸಿ ನೋಡಿ, ನಿನ್ನ ಮಣಿಕಟ್ಟೇ ಸಡಿಲ ಎಂದು ವಾಪಸು ಕೊಟ್ಟಿದ್ದರು.

ಅಂದಿನಿಂದ ಅವಳಿಗೆ ಒಂದೇ ಹಟ. ಮೊದಲನೆಯದು ಕೈಕೊಟ್ಟರೆ ಕೈಗೆ ಸಿಗುವಂತೆ ಇನ್ನೊಂದು ಬೇಕು, ಚಿಕ್ಕದಿರಬೇಕು, ಕೈಕೊಡಬಾರದು. ಸ್ವಂತ ದುಡ್ಡಿನಲ್ಲಿ ಕೊಳ್ಳಬಹುದು, ರಾಯ್ಸ್ ಪರೀಕ್ಷಿಸಿ ಒಪ್ಪಬೇಕು ಅಷ್ಟೇ. ಅಷ್ಟೇ ಎಂದುಕೊಂಡದ್ದು ಬೇಸಿಗೆಯನ್ನೆಲ್ಲ ನುಂಗಿತು. ಕಂಪ್ಯೂಟರಿನಲ್ಲಿ ಓದಿದ್ದೇ ಓದಿದ್ದು. ಒಬ್ಬ ಇದು ಬಂಡೆಯ ಹಾಗೆ ಗಟ್ಟಿ ಎಂದರೆ, ಇನ್ನೊಬ್ಬ ಅದೇ ಪಿಸ್ತೂಲನ್ನು ಗುಜರಿಗೆ ಹಾಕು ಎಂದ. ಎಷ್ಟು ಗುಂಡು ಹೊಡೆದು ನೋಡಿದಿರಿ ಎಂದು ಕೇಳಿದರೆ ಇಬ್ಬರೂ ಸೇರಿ ಇವಳನ್ನೇ ಬೈದರು. ಬಂದೂಕಿನ ಅಂಗಡಿಯ ಡೆನ್ಜಿಲ್ ಗುಲಾಬಿ ಬಣ್ಣದ ಹಿಡಿ ಇರುವ ಒಂದನ್ನು ಗಾಜಿನ ಮೇಲೆ ಇಟ್ಟು, “ಇದು ಹೆಂಗಸ್ರಿಗೆ ಅಂತಾನೇ ಮಾಡಿರೋದು,” ಎಂದ.

“ಕೆಲ್ಸ ಮಾಡತ್ತಾ ಅಂತ ಕೇಳ್ದೆ ಕಣೋ. ಬಣ್ಣ ಕೇಳ್ಲಿಲ್ಲ.”

ಕೊನೆಗೆ ಅವಳು ನಂಬಿದ್ದು ರಾಯ್ಸನೊಬ್ಬನನ್ನು. ಅವನ ಕಣಕಾಲಿಗೆ ಕಟ್ಟಿದ ಪಿಸ್ತೂಲನ್ನು ಕಂಡು ಕೇಳಿದ್ದಳು. “ಏಳು ವರ್ಷದಿಂದ ಕಟ್ಕೊಂಡಿದೀನಿ ಹುಡುಗೀ, ಒಂದಿನ ತೊಂದ್ರೆ ಕೊಟ್ಟಿಲ್ಲ,” ಎಂದಿದ್ದ. ನಲವತ್ತು ದಾಟಿದವಳನ್ನು ಹುಡುಗಿ ಎಂದದ್ದನ್ನೂ ನುಂಗಿಕೊಂಡು, ಅಂಥದ್ದೇ ಒಂದನ್ನು ತೆಗೆದಿಡಲು ಡೆನ್ಜಿಲ್‌ಗೆ ಹೇಳಿದಳು. ಕೊಳ್ಳುವ ಮೊದಲು ಒಮ್ಮೆ ನಿಮ್ಮದನ್ನೇ ಹೊಡೆದು ನೋಡುತ್ತೇನೆ ಎಂದು ಇವತ್ತು ರಜೆಯ ದಿನವೇ ಬಂದಿದ್ದಳು.

ಸಿಕ್ಕಿಕೊಂಡ ತೋಟಾ ಕಿತ್ತು, ಕೈ ಬಿಗಿಮಾಡಿ ಮತ್ತೆ ಹೊಡೆದಳು. ಮತ್ತೆ ಸಿಕ್ಕಿಕೊಂಡಿತು.

“ನೋಡ್ದಾ, ಮತ್ತೆ ಮಣಿಕಟ್ಟು!”

“ಹಾಗಾದ್ರೆ ನೀವೇ ಹೊಡೀರಿ. ಮಣಿಕಟ್ಟು ಹೆಂಗಿರ್ಬೇಕು ಅಂತ ಕಣ್ತುಂಬ ನೋಡ್ತೀನಿ.”

ರಾಯ್ಸ್ ಪಾಠ ಹೇಳುವವನ ಗತ್ತಿನಲ್ಲಿ ಕಾಲು ಅಗಲಿಸಿ ನಿಂತ. ಮೊದಲ ಗುಂಡು ಹೋಯಿತು. ಎರಡನೆಯದಕ್ಕೆ ಪಿಸ್ತೂಲು ಬಾಯಿ ಕಚ್ಚಿಕೊಂಡಿತು.

“ತೋಟಾ ಸರಿ ಇಲ್ಲ,” ಎಂದ.

ಗಾಡಿಯಿಂದ ಬೇರೆ ತೋಟಾ ತಂದ. ಅದೂ ಸಿಕ್ಕಿಕೊಂಡಿತು. ವರ್ನಾ ಪಿಸ್ತೂಲು ಕಿತ್ತುಕೊಂಡು ಖಾಲಿ ಮಾಡಿ ಒಳಗೆ ಇಣುಕಿದಳು. ಕಾಲುಚೀಲದ ನೂಲು, ಬೆವರಿನ ತುಕ್ಕು, ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು.

“ಇದನ್ನ ಕೊನೇ ಸಲ ಯಾವಾಗ ಹೊಡೆದ್ರಿ?”

“ತಂದಾಗ ಹೊಡೆದಿದ್ದೆ.”

“ಆಮೇಲೆ?”

“ಆಮೇಲೆ ತೆಗಿಯೋ ಪ್ರಸಂಗಾನೇ ಬರ್ಲಿಲ್ವಲ್ಲ.”

“ಅದಕ್ಕೇ ತೊಂದ್ರೆ ಕೊಟ್ಟಿಲ್ಲ ಅಂದ್ರಾ! ವರ್ಷಾವರ್ಷ ನಮ್ಮೆಲ್ಲರದ್ದನ್ನೂ ಪರೀಕ್ಷೆ ಮಾಡ್ತೀರಲ್ರೀ, ನಿಮ್ಮದನ್ನ?”

“ನಂದನ್ನ ಪರೀಕ್ಷೆ ಮಾಡೋನು ನಾನೇ ತಾನೆ,” ಎಂದ ರಾಯ್ಸ್. ಅಂದ ಮೇಲೆ ಆ ಮಾತು ಅವನ ಕಿವಿಗೇ ಬಿದ್ದಿರಬೇಕು, ಬಗ್ಗಿ ನೆಲದ ಮೇಲಿನ ಖಾಲಿ ತೋಟಾ ಹೆಕ್ಕತೊಡಗಿದ.

ವರ್ನಾಳ ಮೈಯೆಲ್ಲ ಉರಿಯಿತು. ಇವನ ಒಂದು ಮಾತಿನ ಮೇಲೆ ತನ್ನ ಪ್ರಾಣವನ್ನು ಕಣಕಾಲಿಗೆ ಕಟ್ಟಿಕೊಳ್ಳಲು ಹೊರಟಿದ್ದಳಲ್ಲ! ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಗಾಡಿಯ ರೇಡಿಯೋ ಕರೆಯಿತು. ಮೇಲಿನ ಕಣಿವೆಯಲ್ಲಿ ಯಾರೋ ಒಬ್ಬ ಹೆಂಡತಿ ಮಕ್ಕಳನ್ನು ಹೊರಗೆ ಅಟ್ಟಿ, ರೈಫಲ್ ಹಿಡಿದು ಜಗಲಿಯಲ್ಲಿ ಕೂತಿದ್ದಾನಂತೆ. ಸರದಿಯಲ್ಲಿದ್ದವನು ರಾಯ್ಸ್. ಇನ್ನೊಬ್ಬ ಡೆಪ್ಯುಟಿ ಕೌಂಟಿಯ ಆ ತುದಿಯಲ್ಲಿದ್ದ.

ರಾಯ್ಸ್ ಅವಳ ಕೈಯಿಂದ ಪಿಸ್ತೂಲು ತೆಗೆದುಕೊಂಡು, ತೋಟಾ ತುಂಬಿ, ಬಗ್ಗಿ ಕಣಕಾಲಿಗೆ ಸಿಕ್ಕಿಸಿ ಪ್ಯಾಂಟು ಎಳೆದುಕೊಂಡ.

“ಅದು ಕೈಕೊಡತ್ತೆ ಅಂತ ಈಗ್ತಾನೆ ನೋಡಿದ್ರಿ. ಮತ್ಯಾಕೆ ಕಟ್ಕೋತೀರಿ?”

“ಕಾಲು ಹಗುರ ಆದ್ರೆ ನಡಿಯಕ್ಕೇ ಬರಲ್ಲಮ್ಮ,” ಎಂದ. ತಮಾಷೆಗೆ ಅಂದ ಹಾಗಿರಲಿಲ್ಲ.

ಅವಳು ಬೈಯಲಿಲ್ಲ. ಬೈಯಲು ಆಗಲಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ತನ್ನ ಗಾಡಿಯಿಂದ ಗುಂಡುನಿರೋಧಕ ಅಂಗಿಯನ್ನೂ ಉದ್ದ ಬಂದೂಕನ್ನೂ ತಂದು, ಅವನ ಗಾಡಿಯ ಇನ್ನೊಂದು ಬಾಗಿಲು ತೆರೆದಳು.

“ಇವತ್ತು ನಿಂಗೆ ರಜ,” ಎಂದ ರಾಯ್ಸ್.

“ಗಾಡಿ ತೆಗೀರಿ. ದಾರೀಲಿ ಮಾತಾಡ್ಬೇಡಿ.”

ಆ ಸೀಟಿನಲ್ಲಿ ಎಷ್ಟೋ ವರ್ಷದಿಂದ ಯಾರೂ ಕೂತಿರಲಿಲ್ಲ. ಊಟದ ಡಬ್ಬಿ, ಮಳೆಯಂಗಿ, ಒಂಟಿ ಬೂಟು, ಖಾಲಿ ಲೋಟಗಳು ಅಲ್ಲೇ ಮನೆ ಮಾಡಿಕೊಂಡಿದ್ದವು. ರಾಯ್ಸ್ ಎರಡೂ ಕೈಯಿಂದ ಅವನ್ನೆಲ್ಲ ಬಾಚಿ ಹಿಂದಕ್ಕೆ ಎಸೆದು, ಸೀಟಿನ ಮೇಲಿನ ರೊಟ್ಟಿ ಪುಡಿಯನ್ನು ಅಂಗೈಯಿಂದ ಒರೆಸಿದ.