ಗುಳ್ಳೆ ಕಾಯುವವಳು

ಒಂದು ಕಡೆ ಕೂರುವುದು ನನ್ನ ಜಾತಕದಲ್ಲೇ ಬರೆದಿಲ್ಲ. ಊಟಕ್ಕೆ ಕೂತರೂ ನಡುವೆ ಎದ್ದುಹೋಗಿ ಬಾಗಿಲು ಹಾಕಿದೆಯೋ ಇಲ್ಲವೋ ನೋಡಿಕೊಂಡು ಬರುವವಳು ನಾನು. ಇಂಥವಳಿಗೆ ಗಂಟುಬಿದ್ದ ಕೆಲಸವಾದರೂ ಎಂಥದ್ದು? ದೋಣಿಯಲ್ಲಿ ಕೂತು, ನೀರಿನ ಮೇಲೆ ಏಳುವ ಗುಳ್ಳೆಗಳನ್ನು ಕಣ್ಣು ಮಿಟುಕಿಸದೆ ನೋಡುವುದು. ಕೆಳಗೆ ನನ್ನ ಅತ್ತೆ ಇರುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ದೂರದಿಂದ ಬಂದ ಗಿರಾಕಿಗಳಿಗೆ ಹವಳ, ಮೀನು ತೋರಿಸುತ್ತಾ ತಿರುಗುತ್ತಿರುತ್ತಾರೆ. ಅವರು ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಬರುತ್ತದೆ. ಗುಳ್ಳೆ ಹೋದಲ್ಲಿಗೆ ದೋಣಿ ಹೋಗಬೇಕು.

ಅತ್ತೆಗೆ ಅರವತ್ತರ ಹತ್ತಿರ. ಮನೆಯ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡು ನರಳುತ್ತಾರೆ. ನೀರಿಗೆ ಇಳಿದರೆ ಮಾತ್ರ ಮದುವೆಯಾಗದ ಹುಡುಗಿ. ಇನ್ನು ಸಾಕು ನಿಲ್ಲಿಸಿ ಎಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮ್ಮ ಯಜಮಾನರಿಗೆ ಹೇಳೋಣವೆಂದರೆ ಅವರು ದಡದ ಶೆಡ್ಡಿನಲ್ಲಿ ಸಿಲಿಂಡರಿಗೆ ಗಾಳಿ ತುಂಬುವವರು. ಯಂತ್ರದ ಗದ್ದಲದಲ್ಲಿ ನನ್ನ ಮಾತು ಕೇಳಿಸಲೇ ಇಲ್ಲವೆಂಬ ಮುಖ ಮಾಡುತ್ತಾರೆ. ಯಂತ್ರ ನಿಲ್ಲಿಸಿ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳುತ್ತಾರೆ.

ಆ ಬೆಳಗ್ಗೆ ಬಂದವರು ಒಬ್ಬ ಹಲ್ಲಿನ ಡಾಕ್ಟರು. ಅವರ ಹೊಟ್ಟೆಯ ಮೇಲೆ ನೀರಿಗಿಳಿಯುವ ಸೂಟಿನ ಜಿಪ್ ಏರಲಿಲ್ಲ. ದೊಡ್ಡ ಸೂಟು ಹುಡುಕಿ ತೊಡಿಸಿ, ದೋಣಿ ಬಿಡುವ ಹೊತ್ತಿಗೆ ಕ್ಯಾಮೆರಾ ಮರೆತೆನೆಂದು ಮತ್ತೆ ಓಡಿದರು. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ದೋಣಿಯ ಈ ತುದಿಯಿಂದ ಆ ತುದಿಗೆ ಓಡಾಡಿದೆ. ಅವಸರಕ್ಕೆ ಕಾರಣವಿತ್ತು. ನಾವು ಹೋಗಬೇಕಾಗಿದ್ದುದು ಕಾಂಡ್ಲಾ ಕಾಡಿನೊಳಗಿನ ಕಾಲುವೆಗೆ. ಮರಗಳು ಉಪ್ಪುನೀರಿಗೇ ಬೇರು ಇಳಿಬಿಟ್ಟು ನಿಂತಿರುವ ಜಾಗ ಅದು. ಉಬ್ಬರ ತುಂಬಿ ನಿಂತಾಗ ಅಲ್ಲಿ ನೀರು ತಿಳಿಯಾಗಿರುತ್ತದೆ. ಇಳಿತ ಶುರುವಾಯಿತೋ, ಕೆಸರೆದ್ದು ಎಲ್ಲವೂ ಕಾಲುವೆಯ ಬಾಯಿಂದ ಹೊರಗೆ, ಅಲೆ ಒಡೆಯುವ ಹವಳದ ದಿಬ್ಬದ ಕಡೆಗೆ ಹರಿಯುತ್ತದೆ. ನೀರಿನಲ್ಲಿ ಇದ್ದವರೂ ಅದರ ಜೊತೆಗೇ.

"ಅತ್ತೆ, ಹೊತ್ತು ಮೀರಿತು. ಇವತ್ತು ಕಾಲುವೆ ಬೇಡ," ಎಂದೆ.

"ಡಾಕ್ಟ್ರು ಕಡಲಕುದುರೆ ಮೀನು ನೋಡೋಕಂತಲೇ ಬಂದಿದಾರೆ. ಹೋದ ಹಾಗೆ ಬಂದ್ಬಿಡ್ತೀವಿ."

"ನಿಮಗೆ ಹಠ ಜಾಸ್ತಿ."

"ನಿನಗೆ ಅವಸರ ಜಾಸ್ತಿ. ಗುಳ್ಳೆ ಬಿಟ್ಟು ಕದಲಬೇಡ, ಅಷ್ಟು ಮಾಡಿದ್ರೆ ಸಾಕು ನೀನು."

ಮದುವೆಯಾದ ಹೊಸದರಲ್ಲಿ ಒಮ್ಮೆ ನಾನು ತಾಳ್ಮೆಗೆಟ್ಟು ದೋಣಿ ಆಚೆ ಒಯ್ದಿದ್ದೆ. ಅತ್ತೆ ಮೇಲೆ ಬಂದಾಗ ದೋಣಿ ಇರಲಿಲ್ಲ. ಅದಕ್ಕೆ ಬೈಸಿಕೊಂಡದ್ದು ಇಂದಿಗೂ ಮುಗಿದಿಲ್ಲ. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಇಬ್ಬರೂ ಬೆನ್ನು ಹಿಂದಾಗಿ ನೀರಿಗೆ ಬಿದ್ದರು.

ಎಂಜಿನ್ ನಿಲ್ಲಿಸಿ, ಒಂದು ಬೇರು ಹಿಡಿದುಕೊಂಡು ಕೂತೆ. ಗುಳ್ಳೆಗಳು ಸ್ವಲ್ಪ ಹೊತ್ತು ಅತ್ತಿತ್ತ ಸುತ್ತಾಡಿ, ಕಾಲುವೆಯ ಒಳತುದಿಗೆ ಬಂದು, ಒತ್ತಾಗಿ ಬೆಳೆದ ಬೇರುಗಳ ಬಳಿ ನಿಂತವು. ಕುದುರೆ ಸಿಕ್ಕಿರಬೇಕು, ಡಾಕ್ಟರು ಫೋಟೋ ತೆಗೆಯುತ್ತಿರಬೇಕು ಎಂದುಕೊಂಡೆ. ಸೊಳ್ಳೆ ಕಚ್ಚಿತು, ಹೊಡೆಯಲಿಲ್ಲ. ಬಾಯಾರಿತು, ಬಾಟಲಿ ಹುಡುಕಲಿಲ್ಲ. ಇವತ್ತಾದರೂ ಈ ಅತ್ತೆಯ ಬಾಯಲ್ಲಿ ಒಳ್ಳೆಯ ಮಾತು ಬರಲಿ ಎಂದು ಹಲ್ಲು ಕಚ್ಚಿಕೊಂಡು ಕೂತೆ.

ಒಂದು ಹಣ್ಣೆಲೆ ದೋಣಿಯ ಪಕ್ಕದಲ್ಲಿ ತೇಲುತ್ತಾ ಹೋಯಿತು. ಅದರ ಹಿಂದೆ ಇನ್ನೊಂದು, ಅದಕ್ಕಿಂತ ಜೋರಾಗಿ. ಇಳಿತ ಶುರುವಾಗಿತ್ತು. ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಗುಳ್ಳೆಗಳು ಮಾತ್ರ ಅಲ್ಲೇ ಇದ್ದವು.

ಅತ್ತೆ ಇಷ್ಟು ಹೊತ್ತು ಒಂದೇ ಕಡೆ ನಿಲ್ಲುವವರಲ್ಲ. ಹಾಗಂತ ಬೇರು ಹಿಡಿದು ನಿಂತಿರಲೂಬಹುದು. ಕಾಲುವೆಯ ಬಾಯಿಯತ್ತ ಹುಡುಕಿ ಹೋಗೋಣವೆಂದರೆ, ಹೋದ ಮೇಲೆ ಅವರು ಇಲ್ಲೇ ಎದ್ದರೆ? ದೋಣಿ ಕಾಣದೆ ಆ ಸೆಳವಿಗೆ ಸಿಕ್ಕಿದರೆ? ಕೂರೋಣವೆಂದರೆ ಎದೆ ಕೇಳುತ್ತಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ಎಂಜಿನ್ನಿನ ಹಗ್ಗ ಹಿಡಿದೆ, ಬಿಟ್ಟೆ. ನನ್ನ ಮೇಲೆ ನನಗೇ ರೇಗಿತು. ಕೊನೆಗೆ ದೋಣಿಯನ್ನು ಗುಳ್ಳೆಗಳ ಮೇಲಕ್ಕೆ ಎಳೆದುಕೊಂಡು, ಬಗ್ಗಿ, ಅಂಗೈಯನ್ನು ನೀರಿನೊಳಗೆ ಚಾಚಿ ಹಿಡಿದೆ.

ಗುಳ್ಳೆಗಳು ಕೈಗೆ ಕಚಗುಳಿ ಇಟ್ಟವು. ಇಡುತ್ತಲೇ ಇದ್ದವು. ನಡುವೆ ಬಿಡುವೇ ಇಲ್ಲ. ಮನುಷ್ಯರ ಉಸಿರು ಹಾಗಲ್ಲ. ಬಿಟ್ಟ ಮೇಲೆ ಎಳೆದುಕೊಳ್ಳಲೇಬೇಕು, ಎಳೆದುಕೊಳ್ಳುವಷ್ಟು ಹೊತ್ತು ಗುಳ್ಳೆ ನಿಲ್ಲಲೇಬೇಕು. ಇದು ಯಾರ ಉಸಿರೂ ಅಲ್ಲ, ನೀರಿಳಿದ ಹಾಗೆ ಕೆಸರಿನಿಂದ ಏಳುತ್ತಿದ್ದ ಗಾಳಿ. ಮೂಗಿನ ಹತ್ತಿರ ಒಡೆದ ಗುಳ್ಳೆ ಕೊಳೆತ ಮೊಟ್ಟೆಯ ಹಾಗೆ ನಾರಿತು.

ಅವರಿಬ್ಬರೂ ಯಾವಾಗಲೋ ಇಲ್ಲಿಂದ ಹೋಗಿಬಿಟ್ಟಿದ್ದರು. ಅಯ್ಯೋ ದೇವರೇ, ಎಷ್ಟು ಹೊತ್ತಿನಿಂದ ನಾನು ಈ ಕೆಸರನ್ನು ಕಾಯುತ್ತಾ ಕೂತಿದ್ದೇನೆ?

ಎಂಜಿನ್ ಎಳೆದು ಕಾಲುವೆಯ ಬಾಯಿಯತ್ತ ದೋಣಿ ಓಡಿಸಿದೆ. ಹೊರಗೆ ದಿಬ್ಬದ ಉದ್ದಕ್ಕೂ ಅಲೆ ಒಡೆಯುತ್ತಿತ್ತು. ಆ ಬಿಳಿ ನೊರೆಗೆ ತೀರಾ ಹತ್ತಿರದಲ್ಲಿ, ನೀರಿಗಿಳಿದವರು ದೋಣಿಗೆ ಗುರುತಾಗಲೆಂದು ಮೇಲೆತ್ತುವ ಕಿತ್ತಳೆ ಬಣ್ಣದ ಗಾಳಿಚೀಲ ಕಂಡಿತು. ಅದರ ಕೆಳಗೆ ಎರಡು ತಲೆ. ಅತ್ತೆ ಒಂದು ಕೈಯಲ್ಲಿ ಡಾಕ್ಟರ ಸಿಲಿಂಡರಿನ ಪಟ್ಟಿ ಹಿಡಿದು, ಕಾಲು ಬಡಿಯುತ್ತಾ, ಅಲೆಗೆ ಬೆನ್ನು ಕೊಟ್ಟಿದ್ದರು. ಎಷ್ಟು ಬಡಿದರೂ ಹಿಂದಕ್ಕೇ ಹೋಗುತ್ತಿದ್ದರು. ಹಗ್ಗ ಎಸೆದೆ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು. ಡಾಕ್ಟರನ್ನು ಮೂಟೆ ಎಳೆದ ಹಾಗೆ ಒಳಗೆ ಎಳೆದುಹಾಕಿದೆ, ಆಮೇಲೆ ಅತ್ತೆಯನ್ನು.

ಅಲೆಗಳಿಂದ ದೂರ, ನೀರು ತಣ್ಣಗಿದ್ದ ಕಡೆ ಬಂದು ಎಂಜಿನ್ ನಿಲ್ಲಿಸಿದೆ. ಡಾಕ್ಟರು ಕುಡಿದ ನೀರನ್ನೆಲ್ಲ ಕಕ್ಕಿ ಸುಸ್ತಾಗಿ ಒರಗಿದರು. ಇಬ್ಬರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು.

"ಹೋದ ಹಾಗೆ ಬಂದ್ಬಿಡ್ತೀವಿ ಅಂದ್ರಲ್ಲ! ನಿಮಗೇನಾದ್ರೂ ಆಗಿದ್ರೆ ನಿಮ್ಮ ಮಗನಿಗೆ ಯಾವ ಮುಖ ಇಟ್ಕೊಂಡು ಹೇಳ್ತಿದ್ದೆ ನಾನು? ಹೇಳಿ!"

ಅತ್ತೆಯ ಮುಂದೆ ನಾನು ದನಿ ಏರಿಸಿದ್ದು ಅದೇ ಮೊದಲು. ಅವರು ಬೈಯಲಿಲ್ಲ. ಕೂದಲು ಹಿಂಡುತ್ತಾ ಕೂತಿದ್ದರು.

"ಕಾಲುವೆ ಬಾಯಲ್ಲೇ ಮೇಲೆ ಬಂದಿದ್ದೆ ಕಣೇ," ಎಂದರು ಮೆಲ್ಲಗೆ. "ಅಲ್ಲಿಂದ ದೋಣಿ ಕಾಣ್ತಿತ್ತು. ಕೂಗಿದೆ, ಅಲೆ ಸದ್ದಿಗೆ ನಿನಗೆ ಕೇಳಿಸ್ಲಿಲ್ಲ. ಚೀಲ ಎತ್ತಿ ಆಡಿಸಿದೆ. ನೀನು ಬೆನ್ನು ಹಾಕ್ಕೊಂಡು ನೀರನ್ನೇ ನೋಡ್ತಾ ಕೂತಿದ್ದೆ."

"ನೀವೇ ಹೇಳಿದ್ರಲ್ಲ ಅತ್ತೆ, ಕದಲಬೇಡ ಅಂತ."

"ಹೇಳಿದ್ದೆ. ನೀರು ಎಳ್ಕೊಂಡು ಹೋಗ್ತಿತ್ತು. ಒಂದ್ಸಲ ತಿರುಗೇ, ಒಂದೇ ಒಂದ್ಸಲ ಎದ್ದೇಳೇ ಮಹಾರಾಯ್ತಿ ಅಂತ ಬೇಡ್ಕೊಂಡೆ. ನೀನು ಅಲ್ಲಾಡ್ಲಿಲ್ಲ. ಇಷ್ಟು ವರ್ಷ ಬೈದು ಬೈದು ಇವಳನ್ನ ಹೀಗೆ ಕೂರಿಸಿದ್ದು ನಾನೇ ಅಲ್ವಾ ಅನ್ನಿಸ್ತು. ಮುಳುಗೋ ಭಯಕ್ಕಿಂತ ಅದಕ್ಕೇ ಅಳು ಬಂತು ನನಗೆ."

ಅವರ ಪಕ್ಕ ಹೋಗಿ ಕುಸಿದು ಕೂತು, ಒದ್ದೆ ಹೆಗಲಿಗೆ ಮುಖ ಒತ್ತಿ ಗೊಳೋ ಎಂದು ಅತ್ತುಬಿಟ್ಟೆ. ಡಾಕ್ಟರು ಎಲ್ಲಿ ನೋಡಬೇಕೆಂದು ತಿಳಿಯದೆ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು.