ಹನ್ನೊಂದು ಪುಸ್ತಕಗಳ ಪಟ್ಟಿ

ದೇವನಹಳ್ಳಿಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಎಂಬೆಡೆಡ್ ಸಿಸ್ಟಮ್ಸ್, ಅಂದರೆ ಯಂತ್ರಗಳೊಳಗಿನ ಚಿಪ್‌ಗಳ ಪಾಠ ಮಾಡುವವನು ನಾನೊಬ್ಬನೇ. ಓದಬೇಕಾದ ಪುಸ್ತಕಗಳ ಪಟ್ಟಿಯನ್ನು ವರ್ಷವರ್ಷವೂ ನೋಟಿಸ್ ಬೋರ್ಡಿಗೆ ಅಂಟಿಸುವುದೂ ನನ್ನ ತಲೆಗೇ ಬಂದಿದೆ. ಒಟ್ಟು ಹನ್ನೊಂದು. ಮೊದಲ ಎಂಟು, ನಿವೃತ್ತರಾದ ಸಂಜೀವಪ್ಪ ಮೇಷ್ಟ್ರು ಪಟ್ಟಿ ಮಾಡಿಟ್ಟು ಹೋದವು. ರೋಬೋಟಿಕ್ಸ್ ಹೊಸ ವಿಷಯವಾಗಿ ಬಂದಾಗ ಪ್ರಕಾಶಕರ ಕ್ಯಾಟಲಾಗ್ ನೋಡಿ ನಾನು ಮೂರು ಸೇರಿಸಿದೆ. ತಪಾಸಣೆಗೆ ಬರುವವರಿಗೆ ಪಟ್ಟಿ ಉದ್ದವಿದ್ದರೆ ಸಮಾಧಾನ. ನಾನು ಇಸವಿ ತಿದ್ದಿ ಸಹಿ ಹಾಕುತ್ತೇನೆ, ಅಷ್ಟೇ. ಒಂದನ್ನೂ ಓದಿಲ್ಲ. ಹುಡುಗರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಹದಿನೆಂಟು ವರ್ಷ ಕಳೆದುಬಿಟ್ಟೆ.

ಬೂದಿಗೆರೆಯ ಭಾನುಪ್ರಿಯಾ ಓದಿಬಿಟ್ಟಳು.

ಕಾರ್ಖಾನೆಯೊಂದರಲ್ಲಿ ರೋಬೋಟ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಪರೀಕ್ಷೆಯಿದೆ, ಏನು ಓದಲಿ ಅಂತ ಐದು ತಿಂಗಳ ಹಿಂದೆ ಕೇಳಿದ್ದಳು. ನಾಲ್ಕು ಕ್ಲಾಸು ಮುಗಿಸಿ ಗಂಟಲು ಒಣಗಿತ್ತು. ಬೋರ್ಡಿನ ಕಡೆ ಕೈ ತೋರಿಸಿ ಹೊರಟಿದ್ದೆ. ನಿನ್ನೆ ಸ್ಟಾಫ್ ರೂಮಿಗೆ ಬಂದಳು.

"ಪರೀಕ್ಷೆ ಏನಾಯ್ತಮ್ಮ?"

"ಆಗ್ಲಿಲ್ಲ ಸರ್. ಒಂದು ಸರ್ಕ್ಯೂಟ್ ಬೋರ್ಡ್ ಕೊಟ್ಟು ಮೋಟಾರ್ ತಿರುಗ್ಸಿ ಅಂದ್ರು. ನಾನು ಓದಿದ್ದ ಚಿಪ್ ಈಗ ಯಾರೂ ಹಾಕಲ್ವಂತೆ. ಮುಂದಿನ ತಿಂಗ್ಳು ಇನ್ನೊಂದ್ ಚಾನ್ಸ್ ಕೊಡ್ತಾರಂತೆ, ಅದೇ ಕೊನೇದು. ಒಂಬತ್ತು ಪುಸ್ತಕ ಮುಗ್ಸಿದ್ದೀನಿ. ಹತ್ತು, ಹನ್ನೊಂದು ನಮ್ಮ ಲೈಬ್ರರೀಲಿಲ್ಲ. ಎಲ್ಲಿ ಸಿಗ್ತವೆ ಸರ್?"

ನನ್ನ ಮೇಲೆ ರೇಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಪೆನ್ನು ಹಿಡಿದು, ಅಂಗಡಿಯ ಹೆಸರು ಬರೆದುಕೊಳ್ಳಲು ಕಾಯುತ್ತಿದ್ದಳು. ನನಗೆ ನಾಚಿಕೆಯಾಯಿತು. ಇನ್ನೂ ಒಂದು ಸುಳ್ಳು ಹೇಳುವಷ್ಟು ತ್ರಾಣವೂ ಇರಲಿಲ್ಲ.

"ನಾನು ಇವನ್ನ ಓದಿಲ್ಲ ಕಣಮ್ಮ. ಒಂದನ್ನೂ ಓದಿಲ್ಲ."

ನಾನು ಎದ್ದುಹೋಗಿ ಬೋರ್ಡಿನ ಪಟ್ಟಿ ಕಿತ್ತು ತಂದು ಅವಳ ಮುಂದಿಟ್ಟೆ.

"ಈ ಕಾಲೇಜಲ್ಲಿ ಓದಿರೋಳು ನೀನೊಬ್ಳೇ. ಬೇಡದ್ದನ್ನ ಹೊಡೆದುಹಾಕು. ನಾಳೆಯಿಂದ ಲ್ಯಾಬ್ ತೆಗೀತೀನಿ, ಉಳಿದದ್ದನ್ನ ಇಬ್ರೂ ಕೂತು ಮಾಡೋಣ."

ಅವಳು ಹೆದರುತ್ತಲೇ ಮೊದಲ ಗೆರೆ ಎಳೆದಳು. ಆಮೇಲೆ ಕೈ ಓಡಿತು. ಒಂಬತ್ತರಲ್ಲಿ ಏಳು ಹೋದವು.

"ಉಳಿದಿದ್ದೆಲ್ಲ ಬಿಟ್ಟು ಈ ಎರಡನ್ನೇ ಚೆನ್ನಾಗಿ ಓದಿದ್ದಿದ್ರೆ ಅವತ್ತು ಮೋಟಾರ್ ತಿರುಗ್ಸಿರ್ತಿದ್ದೆ ಸರ್," ಅಂದಳು.

ಹತ್ತು, ಹನ್ನೊಂದರ ಹತ್ತಿರ ಪೆನ್ನು ನಿಂತಿತು. ಅವನ್ನೂ ಹೊಡೆದುಹಾಕು ಅಂದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಇವೆರಡು ನಾನು ಓದಿಲ್ವಲ್ಲ ಸರ್. ಓದ್ದೇ ಹೆಂಗ್ ಹೇಳ್ಲಿ?"